ಬೆಟ್ಟ ಇಳಿಯಲಾಗದ ಅಜ್ಜಿಗೆ ಕಣ್ಣು ಕೊಡೋರು ಯಾರು?



ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಏನಂದ್ರು, ಯಾರು ಯಾರಿಗೆ ತಿರುಗೇಟು ಕೊಟ್ರು ಅನ್ನೋದೂ ಇಲ್ಲ. ಇವತ್ತು ಕಣ್ಣಿನ ಬಗ್ಗೆ ಮಾತಾಡೋಣ. ನಮ್ಮ ನಿಮ್ಮ ಕಣ್ಣಲ್ಲ. ರಸ್ತೆಯೇ ಇಲ್ಲದ ಬೆಟ್ಟದ ಮೇಲೆ, ಮನೆಯ ಒಂದು ಮೂಲೆಯಲ್ಲಿ, ಗೋಡೆಗೆ ಒರಗಿಕೊಂಡು ಕೂತಿರೋ ಅಜ್ಜಿಯ ಕಣ್ಣು.

ಮೊದಲು ಒಂದು ಲೆಕ್ಕ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೃಷ್ಟಿಯ ಬಗ್ಗೆ ಒಂದು ವರದಿ ಕೊಟ್ಟಿತು. ಅದರ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಒಂದಲ್ಲ ಒಂದು ರೀತಿಯ ದೃಷ್ಟಿದೋಷ ಇದೆ. ಅದರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆ ತಡೆಯಬಹುದಾಗಿತ್ತು, ಇಲ್ಲವೇ ಇನ್ನೂ ಯಾರೂ ಅದಕ್ಕೆ ಚಿಕಿತ್ಸೆ ಕೊಟ್ಟಿಲ್ಲ. 100 ಕೋಟಿ! ಹೊಸ ಔಷಧಿ ಕಂಡುಹಿಡಿಯಬೇಕಾಗಿಲ್ಲ, ವಿಜ್ಞಾನ ಇನ್ನೊಂದು ಹೆಜ್ಜೆ ಮುಂದೆ ಇಡಬೇಕಾಗಿಲ್ಲ. ಕನ್ನಡಕ ಗೊತ್ತಿದೆ, ಪೊರೆ ತೆಗೆಯೋದು ಗೊತ್ತಿದೆ, ಮುಲಾಮು ಗೊತ್ತಿದೆ. ಹಾಗಿದ್ರೆ ಕೊರತೆ ಎಲ್ಲಿದೆ?

ಕೊರತೆ ಇರೋದು ದಾರಿಯಲ್ಲಿ. ಇದನ್ನ ಅರ್ಥ ಮಾಡಿಕೊಳ್ಳೋಕೆ ನೇಪಾಳಕ್ಕಿಂತ ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಕಣ್ಣಿನ ಪೊರೆ ಅಂದ್ರೆ ಏನು? ನಮ್ಮ ಕಣ್ಣೊಳಗೆ ಒಂದು ಪುಟ್ಟ ಮಸೂರ ಇದೆ. ಹುಟ್ಟುವಾಗ ಅದು ಗಾಜಿನ ಹಾಗೆ ತಿಳಿಯಾಗಿರುತ್ತೆ. ವಯಸ್ಸಾದಂತೆ ಅದು ಮಂಜಾಗುತ್ತಾ ಹೋಗುತ್ತೆ. ಮೊದಲು ಹೊಗೆ ತುಂಬಿದಂತೆ, ಆಮೇಲೆ ಹಾಲು ಚೆಲ್ಲಿದಂತೆ, ಕೊನೆಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಗೊತ್ತಾಗಲ್ಲ. ನೋವಿಲ್ಲ. ಜ್ವರ ಇಲ್ಲ. ರಕ್ತ ಬರಲ್ಲ. ಅಲ್ಲೇ ಇರೋದು ತೊಂದರೆ. ನೋವಿಲ್ಲದ ಕಾಯಿಲೆಗೆ ನಮ್ಮ ಮನೆಗಳಲ್ಲಿ ಬೆಲೆ ಇಲ್ಲ. "ವಯಸ್ಸಾಯ್ತಲ್ಲ, ಇನ್ನೇನು" ಅಂತ ಮನೆಯವರು ಹೇಳ್ತಾರೆ. ಆ ಅಜ್ಜಿಯೂ ಅದನ್ನೇ ಹೇಳ್ತಾಳೆ.

ಪಟ್ಟಣದಲ್ಲಿ ಕಣ್ಣು ಮಂದವಾದರೆ ಕಷ್ಟ. ಬೆಟ್ಟದಲ್ಲಿ ಕಣ್ಣು ಮಂದವಾದರೆ ಬದುಕೇ ನಿಂತುಹೋಗುತ್ತೆ. ಯಾಕೆ ಗೊತ್ತಾ? ಅಲ್ಲಿ ನೆಲ ಸಮ ಇಲ್ಲ. ಮನೆ ಬಾಗಿಲು ದಾಟಿದರೆ ಕಲ್ಲಿನ ಮೆಟ್ಟಿಲು, ಮೆಟ್ಟಿಲು ಇಳಿದರೆ ಒಂದಡಿ ಅಗಲದ ಕಾಲುದಾರಿ, ಪಕ್ಕದಲ್ಲಿ ಪ್ರಪಾತ. ನೀರಿಗೆ ಹೋಗಬೇಕು, ಸೌದೆಗೆ ಹೋಗಬೇಕು, ಬಯಲಿಗೆ ಹೋಗಬೇಕು. ಕಣ್ಣು ಹೋದ ದಿನದಿಂದ ಇದ್ಯಾವುದೂ ಆಗಲ್ಲ. ಒಲೆ ಮುಂದೆ ಕೂತರೆ ಸೆರಗಿಗೆ ಬೆಂಕಿ ತಗಲೋ ಭಯ. ಹೊರಗೆ ಹೋಗಬೇಕಾದ್ರೆ ಕೋಲಿನ ಇನ್ನೊಂದು ತುದಿ ಹಿಡಿಯೋಕೆ ಯಾರಾದರೂ ಬೇಕು. ಯಾರು ಹಿಡೀತಾರೆ? ಮನೆಯಲ್ಲಿ ದುಡಿಯೋ ವಯಸ್ಸಿನವರು ಹೊಲಕ್ಕೆ ಹೋಗಿದ್ದಾರೆ. ಹಿಡಿಯೋದು ಎಂಟೋ ಹತ್ತೋ ವರ್ಷದ ಮೊಮ್ಮಗಳು. ಆ ಹುಡುಗಿಯ ಶಾಲೆ ಅಲ್ಲಿಗೆ ಮುಗೀತು. ಒಂದು ಜೊತೆ ಕಣ್ಣು ಹೋದರೆ ಒಬ್ಬರ ಬದುಕು ನಿಲ್ಲಲ್ಲ, ಇಬ್ಬರ ಬದುಕು ನಿಲ್ಲುತ್ತೆ.

ಈಗ ನಿಮಗೆ ಆಶ್ಚರ್ಯ ಆಗೋ ಒಂದು ವಿಷಯ. ಹಿಮಾಲಯದಲ್ಲಿ ಬಿಸಿಲು ತೀಕ್ಷ್ಣ, ಹಿಮದ ಮೇಲೆ ಬಿದ್ದ ಬೆಳಕು ಕಣ್ಣಿಗೆ ಹೊಡೆಯುತ್ತೆ, ಆದ್ದರಿಂದ ಎತ್ತರಕ್ಕೆ ಹೋದಷ್ಟೂ ಪೊರೆ ಜಾಸ್ತಿ ಇರಬೇಕು ಅಂತ ಅಂದುಕೊಳ್ತೀವಿ, ಅಲ್ವಾ? 1980ರ ದಶಕದ ಆರಂಭದಲ್ಲಿ ನೇಪಾಳದಲ್ಲಿ ದೊಡ್ಡ ಅಂಧತ್ವ ಸಮೀಕ್ಷೆ ನಡೀತು. ನೂರಕ್ಕೆ ಸುಮಾರು 0.84 ಮಂದಿ ಎರಡೂ ಕಣ್ಣು ಕಾಣದವರು, ಅವರಲ್ಲಿ ಮೂರನೇ ಎರಡು ಭಾಗದಷ್ಟು ಜನರ ಕುರುಡುತನಕ್ಕೆ ಕಾರಣ ಪೊರೆ ಅಂತ ಆಗ ಗೊತ್ತಾಯ್ತು. ಅದೇ ಮಾಹಿತಿ ಇಟ್ಟುಕೊಂಡು ಸಂಶೋಧಕರು ಎತ್ತರಕ್ಕೂ ಪೊರೆಗೂ ಏನು ಸಂಬಂಧ ಅಂತ ನೋಡಿದ್ರು. ಫಲಿತಾಂಶ 1983ರಲ್ಲಿ ಪ್ರಕಟವಾಯ್ತು. ಎತ್ತರದ ಊರುಗಳಲ್ಲಿ ಪೊರೆ ಜಾಸ್ತಿ ಇರಲಿಲ್ಲ, ಕಡಿಮೆ ಇತ್ತು! ಕಾರಣ ಏನಂದ್ರೆ, ಕಣಿವೆಯ ಊರುಗಳಿಗೆ ಸುತ್ತಲಿನ ಬೆಟ್ಟಗಳೇ ಅಡ್ಡ. ಸೂರ್ಯ ತಡವಾಗಿ ಬರ್ತಾನೆ, ಬೇಗ ಹೋಗ್ತಾನೆ. ದಿನಕ್ಕೆ ಹನ್ನೆರಡು ಗಂಟೆ ಬಿಸಿಲು ಬೀಳೋ ಊರಲ್ಲಿ, ಏಳು ಗಂಟೆ ಬಿಸಿಲು ಬೀಳೋ ಊರಿಗಿಂತ ಪೊರೆ ಸುಮಾರು ನಾಲ್ಕು ಪಟ್ಟು ಹೆಚ್ಚು.

ಇದರ ಅರ್ಥ ಏನು? ಬೆಟ್ಟ ಜನರನ್ನ ಕುರುಡು ಮಾಡ್ತಿಲ್ಲ. ಆದರೆ ಕುರುಡಾದವರನ್ನ ಕುರುಡರಾಗಿಯೇ ಉಳಿಸ್ತಿದೆ. ಬಯಲಿನ ಅಜ್ಜನನ್ನ ಎತ್ತಿನ ಗಾಡಿಯಲ್ಲೋ ಬಸ್ಸಲ್ಲೋ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯಬಹುದು. ಬೆಟ್ಟದ ಅಜ್ಜನನ್ನ ಬೆನ್ನ ಮೇಲೆ ಹೊರಬೇಕು. ಎರಡು ದಿನ, ಮೂರು ದಿನ, ಕೆಲವು ಕಡೆ ಅದಕ್ಕೂ ಹೆಚ್ಚು. ಹೊರೋನ ಕೂಲಿ ಹೋಯ್ತು, ದಾರಿಖರ್ಚು ಆಯ್ತು, ಪಟ್ಟಣದಲ್ಲಿ ಉಳಿಯೋಕೆ ಜಾಗ ಇಲ್ಲ. ಚಿಕಿತ್ಸೆ ಪುಕ್ಕಟೆ ಅಂದ್ರೂ ಆಸ್ಪತ್ರೆಯ ಬಾಗಿಲಿಗೆ ಬರೋದು ಪುಕ್ಕಟೆ ಅಲ್ಲ.

ಈ ಗಣಿತವನ್ನ ಚೆನ್ನಾಗಿ ಅರ್ಥ ಮಾಡಿಕೊಂಡ ಒಬ್ಬ ಮನುಷ್ಯನಿದ್ದಾನೆ. ಹೆಸರು ಸಂದುಕ್ ರೂಯಿತ್. ಹುಟ್ಟಿದ್ದು ನೇಪಾಳದ ಈಶಾನ್ಯ ತುದಿಯಲ್ಲಿ, ಟಿಬೆಟ್ ಗಡಿಯ ಹತ್ತಿರ, ಕಾಂಚನಜುಂಗಾ ಪರ್ವತದ ಸೀಮೆಯ ಓಲಾಂಗ್‌ಚುಂಗ್ ಗೋಲಾ ಅನ್ನೋ ಹಳ್ಳಿಯಲ್ಲಿ. ಎತ್ತರ ಸುಮಾರು 3,200 ಮೀಟರ್. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್ ಅನ್ನೋದನ್ನ ನೆನಪಿಟ್ಟುಕೊಂಡು ಈ ಸಂಖ್ಯೆ ನೋಡಿ. ಊರಲ್ಲಿ ಕರೆಂಟ್ ಇಲ್ಲ, ಶಾಲೆ ಇಲ್ಲ, ಆಸ್ಪತ್ರೆ ಇಲ್ಲ. ಅಪ್ಪ ಸಣ್ಣ ವ್ಯಾಪಾರಿ. ಮಗ ಓದಬೇಕು ಅನ್ನೋ ಹಠ. ಹುಡುಗನಿಗೆ ಏಳು ವರ್ಷ ಆದಾಗ ಡಾರ್ಜಿಲಿಂಗಿನ ಶಾಲೆಗೆ ಸೇರಿಸೋಕೆ ಕರೆದುಕೊಂಡು ಹೊರಟ್ರು. ಹೇಗೆ? ನಡೆದುಕೊಂಡು. ಹತ್ತು ದಿನಕ್ಕೂ ಮೀರಿದ ನಡಿಗೆ.

ಮುಂದೆ ಇವರ ತಂಗಿಗೆ ಕ್ಷಯ ಬಂತು. ರೂಯಿತ್‌ಗೆ ಆಗ ಹದಿನೇಳು ವರ್ಷ. ತಂಗಿ ಉಳೀಲಿಲ್ಲ. ಚಿಕಿತ್ಸೆಯೇ ಇಲ್ಲದ ಕಾಯಿಲೆ ಅಲ್ಲ ಅದು. ಜಗತ್ತಿನಲ್ಲಿ ಔಷಧಿ ಇತ್ತು, ಅದು ಆ ಮನೆಯ ಕೈಗೆ ಎಟುಕುವಂತಿರಲಿಲ್ಲ ಅಷ್ಟೇ. ಹುಡುಗ ಡಾಕ್ಟರ್ ಆಗ್ತೀನಿ ಅಂತ ತೀರ್ಮಾನಿಸಿದ. ಓದಿದ್ದು ಎಲ್ಲಿ ಗೊತ್ತಾ? ನಮ್ಮ ದೇಶದಲ್ಲೇ. ಲಖನೌದ ಕಿಂಗ್ ಜಾರ್ಜ್ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್, ಆಮೇಲೆ ದೆಹಲಿಯ ಏಮ್ಸ್‌ನಲ್ಲಿ ಕಣ್ಣಿನ ವೈದ್ಯಕೀಯ. ಓದು ಮುಗಿದ ಮೇಲೆ ಊರಿನ ಕಡೆ ಹೊರಟ.

ಆಗ ಬಡ ದೇಶಗಳಲ್ಲಿ ಪೊರೆ ತೆಗೆಯೋ ರೀತಿ ಹೇಗಿತ್ತು ಅಂತ ಗೊತ್ತಾಗದೆ ಈ ಕಥೆಯ ತೂಕ ತಿಳಿಯಲ್ಲ. ಮಂಜಾದ ಮಸೂರವನ್ನ ಇಡಿಯಾಗಿ ಹೊರಗೆ ತೆಗೀತಿದ್ರು. ಅದರ ಜಾಗಕ್ಕೆ ಏನನ್ನೂ ಇಡ್ತಿರಲಿಲ್ಲ. ಬದಲಿಗೆ ಒಂದು ದಪ್ಪ ಕನ್ನಡಕ. ನಮ್ಮ ಹಿರಿಯರ ಮೂಗಿನ ಮೇಲೆ ನೀವು ನೋಡಿರ್ತೀರಿ, ಸೋಡಾಬುಡ್ಡಿ ಕನ್ನಡಕ. ಅದನ್ನ ಹಾಕಿಕೊಂಡರೆ ಎದುರಿಗಿರೋದು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತೆ, ಪಕ್ಕದಲ್ಲಿರೋದು ಕಾಣೋದೇ ಇಲ್ಲ. ಸಮನೆಲದಲ್ಲಿ ಹೇಗೋ ಸಂಭಾಳಿಸಬಹುದು. ಒಂದಡಿ ದಾರಿಯಲ್ಲಿ? ಮೆಟ್ಟಿಲು ಎಲ್ಲಿದೆ ಅಂತ ಅಂದಾಜೇ ಸಿಗಲ್ಲ. ಒಂದು ದಿನ ಆ ಕನ್ನಡಕ ಬಿದ್ದು ಒಡೆದುಹೋಯ್ತು ಅಂದ್ರೆ ಮುಗೀತು, ಆ ಮನುಷ್ಯ ಮತ್ತೆ ಕುರುಡ. ಹೊಸ ಕನ್ನಡಕ ಸಿಗೋ ಅಂಗಡಿ ಮೂರು ದಿನದ ದಾರಿ.

ಇದಕ್ಕೆ ಪರಿಹಾರ ಶ್ರೀಮಂತ ದೇಶಗಳಲ್ಲಿ ಆಗಲೇ ಇತ್ತು. 1949ರಲ್ಲೇ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಕೃತಕ ಮಸೂರ ಕೂರಿಸಿ ತೋರಿಸಿದ್ದರು. ಎರಡನೇ ಮಹಾಯುದ್ಧದ ಪೈಲಟ್‌ಗಳ ಕಣ್ಣೊಳಗೆ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಸೇರಿದ್ರೂ ಕಣ್ಣು ಅದನ್ನ ತಿರಸ್ಕರಿಸದೇ ಇದ್ದದ್ದನ್ನ ಗಮನಿಸಿ ಅವರಿಗೆ ಹೊಳೆದ ಉಪಾಯ ಅದು. ಆದರೆ 1980ರ ದಶಕದಲ್ಲೂ ತಜ್ಞರ ಮಾತು ಏನು? "ಬಡ ದೇಶಗಳಿಗೆ ಮಸೂರ ದುಬಾರಿ. ಅವರಿಗೆ ಕನ್ನಡಕ ಸಾಕು." ಒಂದು ಮಸೂರಕ್ಕೆ ಆಗ 100 ಡಾಲರಿಗೂ ಹೆಚ್ಚು.

ಅದೇ ಸಮಯದಲ್ಲಿ ರೂಯಿತ್‌ಗೆ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ಫ್ರೆಡ್ ಹೋಲೋಸ್ ಸಿಕ್ಕರು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಟ್ಟಿಹಟ್ಟಿ ಅಲೆದು ಟ್ರಕೋಮಾ ಅನ್ನೋ ಕಣ್ಣಿನ ಸೋಂಕಿಗೆ ಚಿಕಿತ್ಸೆ ಕೊಟ್ಟ ಮನುಷ್ಯ, ಬಾಯಿ ಒರಟು, ಮನಸ್ಸು ಮೆದು. ಇಬ್ಬರೂ ಕೇಳಿದ ಪ್ರಶ್ನೆ ಒಂದೇ. ಸಿಡ್ನಿಯ ಕಣ್ಣಿಗೆ ಒಂದು ಚಿಕಿತ್ಸೆ, ನೇಪಾಳದ ಕಣ್ಣಿಗೆ ಇನ್ನೊಂದು ಚಿಕಿತ್ಸೆ ಯಾಕೆ? ಮಸೂರ ದುಬಾರಿ ಆದರೆ ನಾವೇ ಮಾಡೋಣ! ಹೋಲೋಸ್ 1993ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷ, 1994ರಲ್ಲಿ, ಕಾಠ್ಮಂಡುವಿನಲ್ಲಿ ತಿಲಗಂಗಾ ಕಣ್ಣಿನ ಕೇಂದ್ರ ಬಾಗಿಲು ತೆರೀತು. ಜೊತೆಗೆ ಮಸೂರ ತಯಾರಿಸೋ ಘಟಕ. ಬೆಲೆ 100 ಡಾಲರಿನಿಂದ ಐದು ಡಾಲರಿನ ಆಸುಪಾಸಿಗೆ ಇಳೀತು. ಇತ್ತ ನಮ್ಮ ಮಧುರೈನಲ್ಲಿ ಡಾಕ್ಟರ್ ಜಿ. ವೆಂಕಟಸ್ವಾಮಿ ಕಟ್ಟಿದ ಅರವಿಂದ್ ಕಣ್ಣಿನ ಆಸ್ಪತ್ರೆಯ ಅರೋಲ್ಯಾಬ್ 1992ರಿಂದಲೇ ಇದೇ ಕೆಲಸ ಮಾಡ್ತಿತ್ತು. ಬಡವರ ಕಣ್ಣಿಗೆ ಕನ್ನಡಕ ಸಾಕು ಅಂದವರ ಬಾಯಿ ಮುಚ್ಚಿಸಿದ್ದು ಭಾಷಣ ಅಲ್ಲ, ಈ ಎರಡು ಊರುಗಳ ಮಸೂರ.

ಮಸೂರ ಅಗ್ಗ ಆದರೆ ಸಾಲದು. ಬೆಟ್ಟಕ್ಕೆ ಹೊತ್ತೊಯ್ಯಬಹುದಾದ ಶಸ್ತ್ರಚಿಕಿತ್ಸೆ ಬೇಕಲ್ಲ? ನಗರಗಳಲ್ಲಿ ಪೊರೆ ಕರಗಿಸಿ ಹೀರೋ ಯಂತ್ರ ಇದೆ, ಫೇಕೋ ಅಂತಾರೆ. ಅದಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕು, ಕೆಟ್ಟರೆ ರಿಪೇರಿಗೆ ಇಂಜಿನಿಯರ್ ಬರಬೇಕು. ರೂಯಿತ್ ಮತ್ತು ಸಂಗಡಿಗರು ಪಳಗಿಸಿಕೊಂಡ ವಿಧಾನದಲ್ಲಿ ಆ ಯಂತ್ರ ಇಲ್ಲ. ಕಣ್ಣಿನ ಬಿಳಿಭಾಗದಲ್ಲಿ ಒಂದು ಸಣ್ಣ ಸುರಂಗದಂಥ ಸೀಳು, ಅದರ ಮೂಲಕ ಪೊರೆ ಹೊರಗೆ, ಮಸೂರ ಒಳಗೆ. ಆ ಸೀಳು ಒಳಗಿನ ಒತ್ತಡದಿಂದಲೇ ಮುಚ್ಚಿಕೊಳ್ಳುತ್ತೆ, ಹೊಲಿಗೆ ಬೇಡ. ಪಳಗಿದ ಕೈಗೆ ಹತ್ತು ನಿಮಿಷ ಕೂಡ ಬೇಡ.

"ಬಡವರಿಗೆ ಅಗ್ಗದ ಚಿಕಿತ್ಸೆ ಅಂದ್ರೆ ಕಳಪೆ ಚಿಕಿತ್ಸೆ ಇರಬೇಕು" ಅಂತ ನಿಮಗೆ ಅನುಮಾನ ಬಂದಿರಬಹುದು. ಆ ಅನುಮಾನ ಅಮೆರಿಕದ ವೈದ್ಯರಿಗೂ ಇತ್ತು. ನೇಪಾಳದಲ್ಲೇ ಎರಡೂ ವಿಧಾನಗಳನ್ನ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದ್ರು. ಒಂದು ಕಡೆ ಯಂತ್ರ, ಇನ್ನೊಂದು ಕಡೆ ಕೈ. 2007ರಲ್ಲಿ ಅಮೆರಿಕದ ನೇತ್ರ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ 98 ಮಂದಿಗೆ ಒಳ್ಳೆಯ ದೃಷ್ಟಿ. ಕೈಯಿಂದ ಮಾಡಿದ್ದು ಬೇಗ ಮುಗೀತು, ಖರ್ಚೂ ಕಡಿಮೆ. ಇದೇ ರೂಯಿತ್‌ಗೆ 2006ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2018ರಲ್ಲಿ ನಮ್ಮ ಸರ್ಕಾರದ ಪದ್ಮಶ್ರೀ ಬಂತು. ಅವರ ಜೊತೆ ನಿಂತ ಅಮೆರಿಕದ ಜೆಫ್ರಿ ಟ್ಯಾಬಿನ್ 1988ರಲ್ಲಿ ಎವರೆಸ್ಟ್ ಹತ್ತಿದ ಪರ್ವತಾರೋಹಿ. 1995ರಲ್ಲಿ ಇಬ್ಬರೂ ಸೇರಿ ಹಿಮಾಲಯನ್ ಕ್ಯಾಟರಾಕ್ಟ್ ಪ್ರಾಜೆಕ್ಟ್ ಅಂತ ಸಂಸ್ಥೆ ಕಟ್ಟಿದ್ರು.

ಇನ್ನು ಶಿಬಿರ. ಬೆಟ್ಟದ ಊರಿನ ಶಾಲೆಯೋ ಆರೋಗ್ಯ ಕೇಂದ್ರವೋ ಎರಡು ದಿನಕ್ಕೆ ಶಸ್ತ್ರಚಿಕಿತ್ಸಾ ಕೊಠಡಿ ಆಗುತ್ತೆ. ಮೈಕ್ರೋಸ್ಕೋಪ್, ಜನರೇಟರ್, ಉಪಕರಣ ಕುದಿಸಿ ಶುದ್ಧ ಮಾಡೋ ಪಾತ್ರೆ, ಮಸೂರದ ಡಬ್ಬಿಗಳು, ಎಲ್ಲವೂ ಮನುಷ್ಯರ ಬೆನ್ನ ಮೇಲೆ ಇಲ್ಲವೇ ಹೇಸರಗತ್ತೆಯ ಮೇಲೆ ಬರಬೇಕು. ಕೊಠಡಿ ತೊಳೆದು, ಧೂಳು ಬರದಂತೆ ಕಿಟಕಿ ಮುಚ್ಚಬೇಕು. ಮಾರನೇ ದಿನ ಬೆಳಗ್ಗೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ.

ಪಟ್ಟಿ ಬಿಚ್ಚೋ ದೃಶ್ಯವನ್ನ ನಾನು ಎಡಿಟಿಂಗ್ ಕೋಣೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮೊದಲು ಮುಖದ ಮೇಲೆ ಒಂದು ಗೊಂದಲ. ಆಮೇಲೆ ಎದುರಿಗಿದ್ದವರ ಕೈ ಬೆರಳು ಎಣಿಸ್ತಾರೆ. ಆಮೇಲೆ ಇಷ್ಟು ದಿನ ಬರೀ ದನಿಯಾಗಿದ್ದ ಮೊಮ್ಮಗುವಿನ ಮುಖ ಹುಡುಕ್ತಾರೆ. ನಮ್ಮ ಕ್ಯಾಮರಾಗಳಿಗೆ ಈ ಕ್ಷಣ ಅಂದ್ರೆ ಬಹಳ ಇಷ್ಟ. ಇಷ್ಟ ಆಗಲೇಬೇಕು, ಅಷ್ಟು ದೊಡ್ಡ ಕ್ಷಣ ಅದು. ಆದರೆ ನಾನು ಹೇಳೋದು ಬೇರೆ. ಆ ಕ್ಷಣದ ಹಿಂದೆ ಏನಿದೆ, ಮುಂದೆ ಏನಿದೆ ಅನ್ನೋದೂ ಸುದ್ದಿಯೇ.

ಮುಂದೆ ಏನಿದೆ ಅಂತ ಮೊದಲು ನೋಡೋಣ. ಶಸ್ತ್ರಚಿಕಿತ್ಸೆ ಆದ ಕಣ್ಣಿಗೆ ವಾರಗಟ್ಟಲೆ ಔಷಧಿ ಹನಿ ಹಾಕಬೇಕು. ಸೋಂಕು ಆದರೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ಇದರಲ್ಲಿ ಹಗುರವಾಗಿ ನಡೆದುಕೊಂಡರೆ ಏನಾಗುತ್ತೆ? 2021ರ ನವೆಂಬರ್‌ನಲ್ಲಿ ಬಿಹಾರದ ಮುಜಫ್ಫರ್‌ಪುರದಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹತ್ತಕ್ಕೂ ಹೆಚ್ಚು ಜನರ ಕಣ್ಣನ್ನೇ ತೆಗೆಯಬೇಕಾಯ್ತು. ಮಂಜು ಮಂಜಾಗಿ ಕಾಣ್ತಿದ್ದ ಕಣ್ಣೂ ಇಲ್ಲ. ಅದು ಬೆಟ್ಟ ಅಲ್ಲ, ಬಯಲು. ಅದು ಸಂತೆಯ ಗುಡಾರ ಅಲ್ಲ, ಆಸ್ಪತ್ರೆ. ಹಾಗಾಗಿ ಬ್ಯಾನರ್ ಕಟ್ಟಿ, ಮೈಕ್ ಹಾಕಿ, ದಿನಕ್ಕೆ ಎಷ್ಟು ಕಣ್ಣು ಮಾಡಿದ್ವಿ ಅಂತ ಲೆಕ್ಕ ಹೇಳೋರನ್ನ ನಾವು ಕೇಳಬೇಕಾದ ಪ್ರಶ್ನೆ ಒಂದೇ. ನೀವು ಹೋದ ಮೇಲೆ ಆ ಕಣ್ಣನ್ನ ನೋಡಿಕೊಳ್ಳೋರು ಯಾರು?

ಈಗ ಹಿಂದೆ ಏನಿದೆ ನೋಡೋಣ. ಶಿಬಿರಕ್ಕೆ ಆ ಅಜ್ಜಿ ತಾನಾಗಿಯೇ ಬಂದಿರಲ್ಲ. ಅವಳಿಗೆ ಹೇಳಿದವರು ಇರ್ತಾರೆ. ನೇಪಾಳದಲ್ಲಿ 1988ರಿಂದ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಕಿಯರು ಅಂತ ಒಂದು ಪಡೆ ಇದೆ, ಐವತ್ತು ಸಾವಿರಕ್ಕೂ ಹೆಚ್ಚು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಸಂಬಳ ಅಂತ ಇಲ್ಲ. ಅದೇ ಊರಿನವರು. ಯಾರ ಮನೆಯಲ್ಲಿ ಯಾರು ಮೂಲೆ ಸೇರಿದ್ದಾರೆ ಅನ್ನೋದು ಇವರಿಗೆ ಗೊತ್ತು.

ಇವರ ಒಂದು ಕೆಲಸ ಕೇಳಿ. ಬೆಟ್ಟದ ಮಕ್ಕಳಲ್ಲಿ ಇರುಳುಗುರುಡು ಇತ್ತು. ಸಂಜೆ ಆದ ಮೇಲೆ ಮಗು ತಟ್ಟೆಗೆ ತಡಕಾಡುತ್ತೆ. ಕಾರಣ ಎ ಜೀವಸತ್ವದ ಕೊರತೆ. ಸೊಪ್ಪು ತರಕಾರಿ ವರ್ಷದಲ್ಲಿ ಕೆಲವೇ ತಿಂಗಳು ಬೆಳೆಯೋ ಕಡೆ ಇದು ಸಾಮಾನ್ಯ. ಪಶ್ಚಿಮ ನೇಪಾಳದ ಜುಮ್ಲಾ ಅನ್ನೋ ದುರ್ಗಮ ಪರ್ವತ ಜಿಲ್ಲೆಯಲ್ಲಿ ಮಕ್ಕಳಿಗೆ ಈ ಜೀವಸತ್ವದ ಒಂದು ದೊಡ್ಡ ಪ್ರಮಾಣ ಕೊಟ್ಟು ನೋಡಿದ್ರು. 1992ರಲ್ಲಿ ಫಲಿತಾಂಶ ಪ್ರಕಟವಾಯ್ತು. ಕೊಟ್ಟ ಕಡೆ ಮಕ್ಕಳ ಸಾವು ಶೇಕಡ 26ರಷ್ಟು ಕಡಿಮೆ! ಕಣ್ಣು ಉಳಿಸೋಕೆ ಹೋದ ಔಷಧಿ ಪ್ರಾಣವನ್ನೇ ಉಳಿಸಿತ್ತು. ಮರುವರ್ಷ ನೇಪಾಳ ಇದನ್ನ ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ವರ್ಷಕ್ಕೆ ಎರಡು ಸಲ, ವೈಶಾಖದಲ್ಲಿ ಒಮ್ಮೆ, ಕಾರ್ತಿಕದಲ್ಲಿ ಒಮ್ಮೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಕ್ಯಾಪ್ಸೂಲ್ ಕತ್ತರಿಸಿ ಬಾಯಿಗೆ ಹನಿ ಹಾಕೋದು. ಹಾಕೋರು ಯಾರು? ಇದೇ ಸ್ವಯಂಸೇವಕಿಯರು. ಅವರ ಕೈಯಲ್ಲಿ ಇರೋದು ಒಂದು ಕತ್ತರಿ, ಒಂದು ಡಬ್ಬಿ, ಒಂದು ಪುಸ್ತಕ.

ಇನ್ನೊಂದು. ಭತ್ತ ಬಡಿಯುವಾಗ ಹೊಟ್ಟು ಕಣ್ಣಿಗೆ ಬೀಳುತ್ತೆ. ಹುಲ್ಲು ಕೊಯ್ಯುವಾಗ ಗರಿ ತಾಗುತ್ತೆ. ನಮ್ಮ ರೈತರಿಗೆ ಇದು ಹೊಸದಲ್ಲ. ಕಪ್ಪುಗುಡ್ಡೆ ಮೇಲೆ ಸಣ್ಣ ಗೀರು. ಉಜ್ಜಿಕೊಂಡು, ಮನೆಮದ್ದು ಹಾಕಿಕೊಂಡು ಸುಮ್ಮನಾಗ್ತಾರೆ. ನಾಲ್ಕು ದಿನಕ್ಕೆ ಹುಣ್ಣಾಗುತ್ತೆ, ಬಿಳಿ ಕಲೆ ಬೀಳುತ್ತೆ, ಆ ಕಣ್ಣು ಹೋಯ್ತು. ಕಾಠ್ಮಂಡು ಕಣಿವೆಯ ಭಕ್ತಪುರದಲ್ಲಿ ಇದಕ್ಕೊಂದು ಪ್ರಯೋಗ ನಡೆದು, 2001ರಲ್ಲಿ ಪ್ರಕಟವಾಯ್ತು. ಊರಿನ ಕಾರ್ಯಕರ್ತರಿಗೆ ಗೀರು ಗುರುತಿಸೋದು ಕಲಿಸಿದ್ರು. ಗೀರು ಕಂಡರೆ ಮೂರು ದಿನ ಒಂದು ಸಾಧಾರಣ ಆ್ಯಂಟಿಬಯಾಟಿಕ್ ಮುಲಾಮು. ಪೆಟ್ಟಾದ 18 ಗಂಟೆಯೊಳಗೆ ಮುಲಾಮು ಶುರು ಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡ ಮಾಡಿದಷ್ಟೂ ಹುಣ್ಣಾದವರ ಸಂಖ್ಯೆ ಏರಿತು. 18 ಗಂಟೆ! ಆಸ್ಪತ್ರೆ ಎರಡು ದಿನದ ದಾರಿ ಆದರೆ, ಅಲ್ಲಿ ದೇಶದ ಅತಿದೊಡ್ಡ ಡಾಕ್ಟರ್ ಕೂತಿದ್ರೂ ಆ ಕಣ್ಣಿಗೆ ಉಪಯೋಗ ಇಲ್ಲ. ಪಕ್ಕದ ಮನೆಯ ಹೆಂಗಸಿನ ಹತ್ತಿರ ಒಂದು ಮುಲಾಮು ಇದ್ದರೆ ಉಪಯೋಗ ಇದೆ.

ಕನ್ನಡಕದ ಮಾತು ಬಿಟ್ಟರೆ ಈ ಕಥೆ ಅರ್ಧ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗೋದು ಎಲ್ಲರಿಗೂ ಬರೋದೇ. ನಾವು ಅಂಗಡಿಗೆ ಹೋಗಿ ಕನ್ನಡಕ ತಗೊಳ್ತೀವಿ. ಬೆಟ್ಟದ ಹೆಂಗಸು ಅಕ್ಕಿಯಲ್ಲಿ ಕಲ್ಲು ಆರಿಸೋದನ್ನ ಬಿಡ್ತಾಳೆ, ಸೂಜಿಗೆ ದಾರ ಪೋಣಿಸೋದನ್ನ ಬಿಡ್ತಾಳೆ, ನೇಯೋದನ್ನ ಬಿಡ್ತಾಳೆ. ಅಸ್ಸಾಂನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಓದುಗನ್ನಡಕ ಕೊಟ್ಟು ನೋಡಿದ್ರು. 2018ರಲ್ಲಿ ಬಂದ ಆ ಅಧ್ಯಯನದಲ್ಲಿ, ಕನ್ನಡಕ ಸಿಕ್ಕವರು ಕೀಳೋ ಎಲೆಯ ತೂಕ ಸಿಗದವರಿಗಿಂತ ಸುಮಾರು ಶೇಕಡ 21ರಷ್ಟು ಜಾಸ್ತಿ ಏರಿತ್ತು. ತೂಕದ ಲೆಕ್ಕದಲ್ಲಿ ದುಡಿಯೋ ಮನೆಗೆ ಅದು ಊಟದ ತಟ್ಟೆಯ ಮಾತು.

ಇಲ್ಲೊಂದು ಕಹಿ ಸತ್ಯ ಇದೆ. ಕಣ್ಣು ಕಾಣದವರಲ್ಲಿ ಹೆಂಗಸರೇ ಹೆಚ್ಚು, ಚಿಕಿತ್ಸೆ ಸಿಗೋರಲ್ಲಿ ಹೆಂಗಸರು ಕಡಿಮೆ. ಇದು ನೇಪಾಳದ ಮಾತಷ್ಟೇ ಅಲ್ಲ, ಬಹುತೇಕ ಬಡ ದೇಶಗಳ ಮಾತು. ಮನೆಯಲ್ಲಿ ದುಡ್ಡು ಒಬ್ಬರಿಗೆ ಆಗುವಷ್ಟಿದ್ದರೆ ಬೆಟ್ಟ ಇಳಿಯೋದು ಅಜ್ಜ. ಅಜ್ಜಿ ಮೂಲೆಯಲ್ಲೇ. ಅವಳು ಕೇಳೋದೂ ಇಲ್ಲ. ಹೊರೆಯಾಗಬಾರದು ಅನ್ನೋದೇ ಅವಳ ಜೀವಮಾನದ ಪಾಠ. ಅದಕ್ಕೇ ಆಸ್ಪತ್ರೆ ತೆರೆದು ಬಾಗಿಲಲ್ಲಿ ಕಾದರೆ ಸಾಲದು. ಅವಳ ಹೊಸ್ತಿಲಿಗೆ ಹೋಗಬೇಕು.

ಇದೆಲ್ಲ ಒಬ್ಬ ರೂಯಿತ್‌ನಿಂದ ಆಗಿದ್ದಲ್ಲ. 1978ರಲ್ಲಿ ಡಾಕ್ಟರ್ ರಾಮಪ್ರಸಾದ್ ಪೋಖರೆಲ್ ಅವರ ನೇತೃತ್ವದಲ್ಲಿ ಶುರುವಾದ ನೇಪಾಳ ನೇತ್ರ ಜ್ಯೋತಿ ಸಂಘ ದೇಶದುದ್ದಕ್ಕೂ ಕಣ್ಣಿನ ಆಸ್ಪತ್ರೆಗಳ ಜಾಲ ಹಬ್ಬಿಸಿತು. ಡಾಕ್ಟರ್ ಸಿಗದ ಕಡೆ ತರಬೇತಾದ ನೇತ್ರ ಸಹಾಯಕರು ಸಣ್ಣ ಕೇಂದ್ರಗಳನ್ನ ನಡೆಸ್ತಾರೆ. ಪರೀಕ್ಷೆ, ಕನ್ನಡಕ, ಮುಲಾಮು, ಯಾರನ್ನ ಕೆಳಗೆ ಕಳಿಸಬೇಕು ಅನ್ನೋ ತೀರ್ಮಾನ ಅವರದ್ದು. 2018ರಲ್ಲಿ ನೇಪಾಳ ಟ್ರಕೋಮಾವನ್ನ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿವಾರಿಸಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ನಮ್ಮ ದೇಶಕ್ಕೆ ಆ ಮಾತು ಸಿಕ್ಕಿದ್ದು 2024ರಲ್ಲಿ. ಇವತ್ತು ಬಿಹಾರ, ಉತ್ತರ ಪ್ರದೇಶದ ಬಡವರು ಗಡಿ ದಾಟಿ ನೇಪಾಳದ ಲಹಾನ್, ಬಿರಾಟ್‌ನಗರದ ಆಸ್ಪತ್ರೆಗಳಿಗೆ ಪೊರೆ ತೆಗೆಸಿಕೊಳ್ಳೋಕೆ ಹೋಗ್ತಾರೆ. ದೊಡ್ಡ ದೇಶದಿಂದ ಸಣ್ಣ ದೇಶಕ್ಕೆ!

ಸರಿ, ನೇಪಾಳದ ಕಥೆ ನಮಗೆ ಯಾಕೆ ಅಂತ ಕೇಳಬಹುದು. ಕಣ್ಣಿನ ಡಾಕ್ಟರ್ ಜನರ ಬಳಿಗೆ ಹೋಗಬೇಕು ಅನ್ನೋದು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಡಾಕ್ಟರ್ ಎಂ.ಸಿ. ಮೋದಿ ಅವರನ್ನ ನೆನಪು ಮಾಡಿಕೊಳ್ಳಿ. ಊರೂರು ಅಲೆದು, ಶಾಲೆಯಲ್ಲಿ, ಛತ್ರದಲ್ಲಿ ಶಿಬಿರ ಹಾಕಿ, ಒಂದೇ ದಿನದಲ್ಲಿ ನೂರಾರು ಕಣ್ಣಿನ ಪೊರೆ ತೆಗೆದವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ. ಹಳ್ಳಿಗಳ ಹಿರಿಯರು ಇಂದಿಗೂ ಅವರ ಹೆಸರು ಹೇಳಿದರೆ ಕೈ ಮುಗೀತಾರೆ. ಆ ಕಾಲದ ಕಣ್ಣೊಳಗೆ ಮಸೂರ ಇರಲಿಲ್ಲ, ಮನಸ್ಸು ಇತ್ತು. ಇವತ್ತು ಮಸೂರ ಇದೆ.

ನಮ್ಮಲ್ಲೂ ಬೆಟ್ಟ ಇದೆ. ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರುಗಳಿಂದ ರೋಗಿಗಳನ್ನ ಡೋಲಿ ಕಟ್ಟಿ ಹೊತ್ತು ತರೋ ದೃಶ್ಯ ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಹೆರಿಗೆ ನೋವಿಗೆ ಡೋಲಿ ಕಟ್ತಾರೆ. ಹಾವು ಕಚ್ಚಿದ್ರೆ ಡೋಲಿ ಕಟ್ತಾರೆ. ಕಣ್ಣಿನ ಪೊರೆಗೆ ಯಾರಾದರೂ ಡೋಲಿ ಕಟ್ಟಿದ್ದನ್ನ ನೋಡಿದ್ದೀರಾ? ಕಟ್ಟಲ್ಲ. ಯಾಕಂದ್ರೆ ಪೊರೆ ನೋಯಿಸಲ್ಲ, ಸಾಯಿಸಲ್ಲ. ಅದು ಸುದ್ದಿಯೂ ಆಗಲ್ಲ. ಸುಮ್ಮನೆ ಮೂಲೆಗೆ ಕೂರಿಸುತ್ತೆ. ರಾಜ್ಯದಲ್ಲಿ ಮನೆಮನೆಗೆ ಹೋಗಿ ಕಣ್ಣು ಪರೀಕ್ಷೆ ಮಾಡೋ 'ಆಶಾಕಿರಣ' ಯೋಜನೆ ಬಂದಿದೆ. ಒಳ್ಳೆಯದು. ದಾರಿ ಅದೇ. ಆದರೆ ಮನೆಮನೆ ಅಂದ್ರೆ ಜೀಪ್ ಹೋಗೋ ಮನೆಯವರೆಗೆ ಅಂತ ಅರ್ಥ ಆಗಬಾರದು. ಪಟ್ಟಿಯಲ್ಲಿ ಕೊನೆಯಲ್ಲಿರೋ ಪೋಡು, ಕೊನೆಯಲ್ಲಿರೋ ಹಾಡಿ, ಅಲ್ಲಿಂದ ಶುರು ಮಾಡಿ ಅಂತ ನಾನು ಅಧಿಕಾರದಲ್ಲಿರೋರನ್ನ ಕೇಳ್ತೀನಿ. ಹತ್ತಿರದವರು ಹೇಗಾದ್ರೂ ಬರ್ತಾರೆ.

ನಿಮಗೂ ಒಂದು ಕೆಲಸ ಇದೆ. ಇವತ್ತು ರಾತ್ರಿಯೇ ಮಾಡಬಹುದು. ನಿಮ್ಮ ಮನೆಯಲ್ಲಿ, ಊರಲ್ಲಿರೋ ಅಪ್ಪ ಅಮ್ಮನ ಮನೆಯಲ್ಲಿ, ಪಕ್ಕದ ಮನೆಯಲ್ಲಿ ವಯಸ್ಸಾದವರು ಇದ್ದಾರಲ್ಲ? "ಕಣ್ಣು ಹೇಗಿದೆ" ಅಂತ ಕೇಳಬೇಡಿ. "ಚೆನ್ನಾಗಿದೆ" ಅಂತಲೇ ಹೇಳ್ತಾರೆ. ಮೂರು ಮೀಟರ್ ದೂರ ನಿಂತು, ಬೆರಳು ತೋರಿಸಿ. ಎಷ್ಟು ಅಂತ ಕೇಳಿ. ಒಂದು ಕಣ್ಣು ಮುಚ್ಚಿಸಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿಸಿ. ಎಣಿಸೋಕೆ ತಡವರಿಸಿದ್ರೆ ನಾಳೆ ಬೆಳಗ್ಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಣಿಸಿದ್ರೂ ವರ್ಷಕ್ಕೊಮ್ಮೆ ತೋರಿಸಿ, ಯಾಕಂದ್ರೆ ಬೆರಳಿನ ಪರೀಕ್ಷೆಗೆ ಎಲ್ಲ ಕಾಯಿಲೆಯೂ ಸಿಗಲ್ಲ.

ಅಲ್ಲಿ ಓಲಾಂಗ್‌ಚುಂಗ್ ಗೋಲಾದವರಿಗೆ ಹತ್ತು ದಿನದ ದಾರಿ ಇತ್ತು. ನಮ್ಮಲ್ಲಿ ಬಹಳಷ್ಟು ಜನರಿಗೆ ಇರೋದು ಹತ್ತು ಕಿಲೋಮೀಟರ್. ಅಷ್ಟನ್ನೂ ನಡೆಯದಿದ್ದರೆ ಬೆಟ್ಟವನ್ನ ದೂರೋ ಹಕ್ಕು ನಮಗಿಲ್ಲ.